ತಪ್ಪಿಗೊಂದು ಮಿಸಳ

ಮಿಸಳದ ರಸ ಕುದಿಯುವ ವಾಸನೆಗೆ ಹೆಲ್ಮೆಟ್ಟಿನ ಹಂಗಿಲ್ಲ. ಗಾಜು ಇಳಿಸಿಕೊಂಡು, ಮೂಗಿಗೆ ಓಢಣಿ ಸುತ್ತಿಕೊಂಡು, ಮರ್ಯಾದಸ್ಥಳ ಹಾಗೆ ಕೆಲಸಕ್ಕೆ ಹೊರಟವಳನ್ನೂ ಅದು ಹುಡುಕಿಕೊಂಡು ಬರುತ್ತದೆ. ಕೊಲ್ಹಾಪುರದಲ್ಲಿ ನಾನಿರುವ ಓಣಿಯ ಮೂಲೆಯಲ್ಲೊಂದು ಮಿಸಳದ ಹೋಟೆಲು ಇದೆ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯ ಕೆಂಪು ರಸ ಎಣ್ಣೆ ಬಿಡುವ ಹೊತ್ತಿಗೂ ನನ್ನ ಸ್ಕೂಟರು ಆ ಮೂಲೆ ತಿರುಗುವ ಹೊತ್ತಿಗೂ ಏನೋ ಒಳಒಪ್ಪಂದವಿದೆ. ಮೊನ್ನೆ ಗಾಡಿ ತಾನಾಗಿಯೇ ನಿಂತುಬಿಟ್ಟಿತು. ನಿಲ್ಲಿಸಿದ್ದು ನಾನೇ, ಪಾಪ, ಮಾತು ಬಾರದ ಗಾಡಿಯ ಮೇಲೆ ಹಾಕುತ್ತಿದ್ದೇನೆ. ಒಳಗೆ ಹೋಗಿ ಒಂದು ಪ್ಲೇಟು ತರಿಸಿಕೊಂಡೆ: ಮೊಳಕೆಕಾಳು, ಮೇಲೆ ಆ ಕೆಂಪು ರಸ, ಜೊತೆಗೆ ಪಾವ್. ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಎದುರಿಗೆ ಕೂತಿದ್ದ ಅಜ್ಜ ಮರಾಠಿಯಲ್ಲಿ, ಖಾರ ಹತ್ತಿತೇನು ಎಂದು ಕೇಳಿದ. ಹೌದು ಅಂದೆ. ಅದು ಸುಳ್ಳು. ಗಡಹಿಂಗ್ಲಜ ಪೇಟೆಯ ಮೆಣಸಿನಕಾಯಿ ತಿಂದು ಬೆಳೆದವಳಿಗೆ ಈ ಖಾರ ಯಾವ ಲೆಕ್ಕ? ನನಗೆ ವಸಂತ ಕಾಕಾ ನೆನಪಾಗಿದ್ದರು.

ನಿಮಗೂ ಕೆಲಸ ಕಲಿಸಿದವರು ಒಬ್ಬರಿದ್ದೇ ಇರುತ್ತಾರೆ. ಸಾಮಾನ್ಯವಾಗಿ ಅಂಥವರನ್ನು ನೆನೆಯುವಾಗ ನಾವು ಅವರ ಸಿಟ್ಟನ್ನು ಹೊಗಳುತ್ತೇವೆ. ‘ಭಾಳ ಕಡಕ್ ಮನುಷ್ಯ, ಬೈದು ಬೈದೇ ನಮ್ಮನ್ನು ತಿದ್ದಿದರು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನನಗೆ ಆ ಹೆಮ್ಮೆಯ ಭಾಗ್ಯವಿಲ್ಲ. ನನ್ನ ಗುರು ವಸಂತ ಕಾಕಾ ಬೈಯಲಿಲ್ಲ. ತಪ್ಪು ಮಾಡಿದವರಿಗೆ ಮಿಸಳ ತಿನ್ನಿಸಿದರು. ಅದರಲ್ಲೂ ತಾವು ಜೈನರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು, ಎದುರಿಗೆ ಬರೀ ಚಹಾದ ಕಪ್ಪು ಇಟ್ಟುಕೊಂಡು ಕೂತು ತಿನ್ನಿಸಿದರು.

ನಾನು ಮಹಾಗಾಂವದವಳು. ಗಡಹಿಂಗ್ಲಜದಲ್ಲಿ ಐಟಿಐ ಮುಗಿಸಿ, ಎಲೆಕ್ಟ್ರಾನಿಕ್ಸಿನ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಹೊದಿಸಿ ಹಿಡಿದುಕೊಂಡು ಇಚಲಕರಂಜಿಗೆ ಬಂದಾಗ, ಊರು ನನ್ನ ದಾರಿಯನ್ನೇ ಕಾಯುತ್ತಿದೆ ಅನ್ನುವ ಭ್ರಮೆಯಿತ್ತು. ನಮ್ಮ ಮಾವಶಿಯ, ಅಂದರೆ ಅವ್ವನ ತಂಗಿಯ, ಮನೆಯಲ್ಲಿ ಉಳಿದುಕೊಂಡೆ. ಲಾಳಿ ಓಡಿಸುವ ಹಳೆಯ ಮಗ್ಗಗಳ ಪಕ್ಕದಲ್ಲಿ ಆಗಿನ್ನೂ ಲಾಳಿಯೇ ಇಲ್ಲದ ಹೊಸ ರೇಪಿಯರ್ ಮಗ್ಗಗಳು ಬಂದು ಕೂರುತ್ತಿದ್ದವು. ಹಳೆಯ ಮಗ್ಗ ಕೆಟ್ಟರೆ ಸುತ್ತಿಗೆ, ನಟ್ಟು ಬಿಗಿಯುವ ಪಾನಾ ಹಿಡಿದ ಜಾಬರ್, ಅಂದರೆ ಮಗ್ಗದ ಮೇಸ್ತ್ರಿ, ಸಾಕು. ಹೊಸದಕ್ಕೆ ಹೊಟ್ಟೆಯಲ್ಲೊಂದು ಪೆಟ್ಟಿಗೆ, ಅದರಲ್ಲಿ ಹಸಿರು ಎಲೆಕ್ಟ್ರಾನಿಕ್ ಕಾರ್ಡುಗಳು. ಕಾರ್ಡು ಸುಟ್ಟರೆ ಅಷ್ಟು ದೊಡ್ಡ ಮಗ್ಗ ಸುಮ್ಮನೆ ನಿಂತುಬಿಡುತ್ತದೆ. ಆ ಕಾರ್ಡುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪು ಕಾಕಾನದು. ಕಾಕಾ ಸಣ್ಣ ಆಳು, ದನಿ ಅದಕ್ಕಿಂತಲೂ ಸಣ್ಣದು. ನನ್ನ ಸರ್ಟಿಫಿಕೇಟನ್ನು ಹಿಂದೆ ಮುಂದೆ ನೋಡಿ, ಪ್ಲಾಸ್ಟಿಕ್ ಚಲೋ ಹಾಕಿಸಿದ್ದೀ ಅಂದರು. ಮಾರನೆಯ ದಿನದಿಂದ ಬಾ ಅಂದರು.

ಅಲ್ಲಿ ಆಗಲೇ ಇಬ್ಬರಿದ್ದರು. ಮಹಾದೇವ ರಾಯಬಾಗದ ಕಡೆಯವನು, ಅಪ್ಪನೂ ಅಣ್ಣನೂ ಇಚಲಕರಂಜಿಯಲ್ಲೇ ಮಗ್ಗ ನಡೆಸುವವರು. ಮಾತು ಕಮ್ಮಿ, ಕೈ ಚುರುಕು. ಸಿರಾಜ ಊರಿನವನೇ. ಅವನ ಬಾಯಿ ಸುಮ್ಮನಿದ್ದರೆ ಜ್ವರ ಬಂದಿದೆಯೆಂದು ತಿಳಿಯಬೇಕು. ನಾನು ಮೂರನೆಯವಳು.

ಆಗ ಈ ಕೆಲಸದಲ್ಲೊಂದು ಪದ್ಧತಿಯಿತ್ತು. ಈಗಲೂ ಎಷ್ಟೋ ಕಡೆ ಇದೆ. ಯಾರಾದರೂ ತಪ್ಪು ಮಾಡಿ ಸಿಕ್ಕಿಬಿದ್ದರೆ ಉಳಿದವರೆಲ್ಲ ಪಾನಾ ತಗೊಂಡು ಮೇಜಿನ ಮೇಲೆ ಠಣಠಣ ಬಡಿಯುವುದು. ಅಕ್ಕಪಕ್ಕದ ಶೆಡ್ಡಿನವರೂ ಬಂದು ಹಲ್ಲು ಕಿರಿಯುವುದು. ಸಿಕ್ಕಿಬಿದ್ದವನು ಎಲ್ಲರಿಗೂ ಚಹಾ ಕುಡಿಸುವುದು. ತಮಾಷೆಯೇ, ಯಾರಿಗೂ ಯಾರ ಮೇಲೂ ವೈರವಿಲ್ಲ. ಆದರೆ ನಿಮಗೆ ಒಮ್ಮೆ ಆ ಠಣಠಣ ಬಿದ್ದಿದ್ದರೆ ಗೊತ್ತಿರುತ್ತದೆ, ಕಿವಿಯ ತುದಿಯಿಂದ ಅಂಗಾಲಿನವರೆಗೆ ಉರಿಯುತ್ತದೆ. ಎರಡನೆಯ ಸಲ ತಪ್ಪಾದಾಗ ಮನುಷ್ಯ ಮೊದಲು ಅದನ್ನು ತಿದ್ದುವುದಿಲ್ಲ, ಯಾರಾದರೂ ನೋಡಿದರೇನೋ ಎಂದು ಸುತ್ತಲೂ ನೋಡುತ್ತಾನೆ.

ನಮ್ಮಲ್ಲೂ ಹಾಗೇ ಆಗಿತ್ತು. ಒಂದು ಜಾತಿಯ ಕಾರ್ಡು ಬಂದರೆ ಪರೀಕ್ಷೆ ಮಾಡುವಾಗ ಅದರ ಒಂದು ಭಾಗ ಸುಡುತ್ತಿತ್ತು. ಮಹಾದೇವನ ಕೈಯಲ್ಲೂ ಸುಟ್ಟಿತು, ಸಿರಾಜನ ಕೈಯಲ್ಲೂ, ನನ್ನ ಕೈಯಲ್ಲೂ. ಮೂವರೂ ಗುಟ್ಟಾಗಿ ಹೊಸ ಬಿಡಿಭಾಗ ಹಾಕಿ, ಮೂತಿ ಒರೆಸಿಕೊಂಡ ಬೆಕ್ಕಿನ ಹಾಗೆ ಕೂತೆವು. ಕಡೆಗೊಂದು ದಿನ ಕಾಕಾ ತಾವೇ ಆ ಕಾರ್ಡು ಎತ್ತಿಕೊಂಡರು. ಅವರ ಕೈಯಲ್ಲೂ ಠಪ್ ಅಂತು. ಅವರು ಅಲ್ಲೇ ನಮ್ಮನ್ನು ಕರೆದು, ನೋಡ್ರಿ ನನ್ನ ಕೈಯಾಗ ಏನಾತು ಅಂದರು. ಆಗ ಸಿರಾಜನ ಬಾಯಿ ತಡೆಯಲಿಲ್ಲ. ನನ್ನ ಕೈಯಾಗೂ ಹಿಂಗ ಆಗಿತ್ರಿ ಅಂದ. ಮಹಾದೇವ ತಲೆ ಕೆರೆದುಕೊಂಡ. ನಾನು ಸೀಲಿಂಗ್ ಫ್ಯಾನು ನೋಡಿದೆ. ಕಾಕಾ ನಕ್ಕರು. ನಗು ನಿಂತ ಮೇಲೆ ಅವರು ಹೇಳಿದ್ದು ಇಷ್ಟು: “ಒಂದ ಕಲ್ಲಿಗೆ ಮೂರೂ ಮಂದಿ ಎಡವೀರಿ. ಅಲ್ಲೊಂದು ಕಲ್ಲೈತಿ ಅಂತ ಒಬ್ಬರೂ ಹೇಳ್ಲಿಲ್ಲಲ್ಲಾ.”

ಅವತ್ತೇ ಪದ್ಧತಿ ತಿರುಗುಮುರುಗಾಯಿತು. ಪಾನಾ ಬಡಿಯುವುದು ಬಂದ್. ತಪ್ಪು ಮಾಡಿದವರು ತಾವಾಗಿ ಬಂದು ಹೇಳಿದರೆ ಅವರಿಗೆ ಕಾಕಾನ ಲೆಕ್ಕದಲ್ಲಿ ಮಿಸಳ, ಉಳಿದವರು ಅದೇ ಮೇಜಿನಲ್ಲಿ ಕೂತು ಏನಾಯಿತು, ಹೆಂಗಾಯಿತು ಎಂದು ಕೇಳಿಸಿಕೊಳ್ಳಬೇಕು. ಉಳಿದವರ ಮಿಸಳ ಅವರವರ ಜೇಬಿನದು.

ನನಗೆ ಇದು ಶುದ್ಧ ಹುಚ್ಚಾಟ ಅನ್ನಿಸಿತು. ಮಾವಶಿಗೆ ಹೇಳಿದಾಗ ಅವಳು, ಹಂಗಾದ್ರ ನಿನಗ ರಾತ್ರಿ ಅಡಿಗಿ ಮಾಡೂದು ಬ್ಯಾಡಾ ಅಂತ ಹೇಳು ಅಂದಳು. ಸಿರಾಜನಂತೂ ಹಬ್ಬ ಮಾಡಿಕೊಂಡ. ದಿನ ಬೆಳಗಾದರೆ ಅವನದೊಂದು ಪಾಪನಿವೇದನೆ. ಕಾಕಾ, ಇವತ್ತು ಸ್ಕ್ರೂ ಉಲ್ಟಾ ತಿರುವಿದ್ನಿ. ಕಾಕಾ, ಇವತ್ತು ಬೆಸುಗೆ ಹಾಕೋ ಮುಂದ ಮನಸ್ಸು ಮದಿವಿ ಕಡೆ ಹೋಗಿತ್ತು. ಕಾಕಾ ಗಂಭೀರವಾಗಿ ಕೇಳಿಸಿಕೊಂಡು ತೀರ್ಪು ಕೊಡುತ್ತಿದ್ದರು: “ಖೋಟಾ ತಪ್ಪಿಗೆ ಬರೇ ಪಾವ್.” ಸಿರಾಜ ಒಣ ಪಾವನ್ನೇ ಚಹಾದಲ್ಲಿ ಅದ್ದಿ ತಿಂದು, ನಾಳೆ ಇದಕ್ಕಿಂತ ದೊಡ್ಡ ತಪ್ಪು ಮಾಡಿ ತೋರಿಸುತ್ತೇನೆಂದು ಪಣ ತೊಡುತ್ತಿದ್ದ. ಈ ಹುಡುಗಾಟದ ನಡುವೆ ನಿಜವಾದ ತಪ್ಪುಗಳೂ ಒಂದೊಂದೇ ಹೊರಗೆ ಬರತೊಡಗಿದವು. ಒಬ್ಬರ ಕೈಯಲ್ಲಿ ಸುಟ್ಟಿದ್ದು ಇನ್ನೊಬ್ಬರ ಕೈಯಲ್ಲಿ ಸುಡುವುದು ಕಮ್ಮಿಯಾಯಿತು. ನಾನು ಅದನ್ನು ಗಮನಿಸಿದೆ, ಆದರೆ ಒಪ್ಪಿಕೊಳ್ಳಲಿಲ್ಲ. ಸರ್ಟಿಫಿಕೇಟು ಇದ್ದವರಿಗೆ ಒಪ್ಪಿಕೊಳ್ಳುವುದು ನಿಧಾನ.

ಇನ್ನು ಆ ದಿನದ ಮಾತು. ಅದಕ್ಕೆ ಮೊದಲು ನಿಮಗೊಂದು ತಂತಿಯ ಪರಿಚಯ ಆಗಬೇಕು. ಮಗ್ಗದಲ್ಲಿ ದೋಷ ಎಲ್ಲಿದೆಯೆಂದು ಹುಡುಕುವಾಗ ನಾವು ಗೇಣುದ್ದದ ಒಂದು ತಂತಿಯಿಂದ ಎರಡು ಜಾಗಗಳನ್ನು ತಾತ್ಕಾಲಿಕವಾಗಿ ಜೋಡಿಸುತ್ತೇವೆ. ಅದಕ್ಕೆ ಜಂಪರ್ ಅನ್ನುತ್ತೇವೆ. ರೇಪಿಯರ್ ಮಗ್ಗದ ಎರಡೂ ಬದಿಗೆ ಕೆಂಪು ಗುಂಡಿ ಇರುತ್ತದೆ. ಕೈ ಸಿಕ್ಕಿತು, ಸೆರಗು ಸಿಕ್ಕಿತು ಅನ್ನುವ ಹೊತ್ತಿನಲ್ಲಿ ಅದನ್ನು ಒತ್ತಿದರೆ ಮಗ್ಗ ಗಕ್ಕನೆ ನಿಲ್ಲಬೇಕು. ಆ ಗುಂಡಿಯ ದಾರಿಯಲ್ಲೇ ದೋಷವಿದೆಯೇ ಎಂದು ನೋಡಲು ಅಲ್ಲಿ ಜಂಪರ್ ಹಾಕಿದರೆ, ಅದು ಇರುವ ತನಕ ಗುಂಡಿ ಸತ್ತ ಹಾಗೆ. ಕೆಲಸ ಮುಗಿದ ಮೇಲೆ ತೆಗೆಯಲೇಬೇಕು. ತೆಗೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ದಿನದ ಕೆಲಸಕ್ಕೆ ನಿಲ್ಲಿಸುವ ಸ್ವಿಚ್ಚು ಬೇರೆ; ಕೆಂಪು ಗುಂಡಿಯನ್ನು ಕೈ ಸಿಕ್ಕಿದ ದಿನ ಮಾತ್ರ ಒತ್ತುತ್ತಾರೆ.

ನಾವು ಈ ತಂತಿಗಳನ್ನು ಅಂಗಿಯ ಗುಂಡಿಗೆ ಸುತ್ತಿಕೊಂಡು ತಿರುಗುತ್ತಿದ್ದೆವು. ಮಹಾದೇವನ ಹೆಂಡತಿ ಅಂಗಿ ಒಗೆಯುವ ಮೊದಲು ತಂತಿ ಬಿಚ್ಚಿ ಗೂಡಿನಲ್ಲಿ ಇಡುವವಳು. ಅವತ್ತು ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಹೋದಾಗ, ಹಳದಿ ತಂತಿ ಎಲ್ಲಿ, ಕಳಕೊಂಡು ಬಂದಿಯೇನು ಎಂದು ಕೇಳಿದಳಂತೆ. ಅವನು ಊಟದ ತಾಟಿನ ಮುಂದಿನಿಂದ ಹಾಗೇ ಎದ್ದು ಬಂದ.

ಬಾಗಿಲಲ್ಲಿ ನಿಂತ ಅವನ ಮುಖ ನೋಡಿ ಸಿರಾಜ ಕೂಡ ಸುಮ್ಮನಾದ. “ಕಾಕಾ, ಕೊರೋಚಿ ಶೆಡ್‌ದಾಗ ಜಂಪರ್ ಬಿಟ್ಟ ಬಂದೇನ್ರಿ. ಕೆಂಪ ಗುಂಡಿದು,” ಅಂದ. ಊರಾಚೆಯ ಕೊರೋಚಿಯಲ್ಲಿ ಅವನು ಅವತ್ತು ಬೆಳಿಗ್ಗೆ ಒಂದು ಮಗ್ಗ ರಿಪೇರಿ ಮಾಡಿ ಬಂದಿದ್ದ.

ಹೇಗೆ ಬಿಟ್ಟೆ, ಯಾಕೆ ಬಿಟ್ಟೆ, ತಲೆ ಎಲ್ಲಿಟ್ಟಿದ್ದೆ ಎಂದು ನಾನಾದರೆ ಕೇಳುತ್ತಿದ್ದೆ. ಕಾಕಾ ಕೇಳಿದ್ದು ಒಂದೇ: “ಮಗ್ಗ ಈಗ ನಡದೈತೇನು?”

ನಡೆದಿರುತ್ತದೆ ಅಂದ ಮಹಾದೇವ. ಬಸಪ್ಪನ ಪಾಳಿ. ಬಸಪ್ಪ ಆ ಮಗ್ಗದ ನೇಕಾರ. ಅವನ ಹೆಂಡತಿ ಶಾಂತವ್ವ ಅದೇ ಶೆಡ್ಡಿನ ಮೂಲೆಯಲ್ಲಿ ನೂಲು ಸುತ್ತುವವಳು. ಕಾಕಾ ಫೋನು ಮಾಡಿದರು. ಗಂಟೆ ಹೊಡೆಯಿತು, ಹೊಡೆಯಿತು, ಯಾರೂ ಎತ್ತಲಿಲ್ಲ. ಮಗ್ಗ ನಡೆಯುವ ಶೆಡ್ಡಿನಲ್ಲಿ ಪಕ್ಕದವರು ಕೂಗಿದ್ದು ಕೇಳುವುದಿಲ್ಲ, ಫೋನು ಯಾರಿಗೆ ಕೇಳಬೇಕು? ಶಟರ್ ಎಳೆದು ನಾಲ್ವರೂ ಹೊರಟೆವು. ಮಹಾದೇವನನ್ನು ಸಿರಾಜ ತನ್ನ ಗಾಡಿಯಲ್ಲಿ ಕೂರಿಸಿಕೊಂಡ. ಕಾಕಾ ನನ್ನ ಸ್ಕೂಟರಿನ ಹಿಂದೆ ಕೂತರು. ನಾನು ಗಾಡಿ ಓಡಿಸುವ ರೀತಿಯ ಬಗ್ಗೆ ಬೇರೆ ದಿನವಾದರೆ ಅವರು ಉದ್ದಕ್ಕೂ ಏನಾದರೂ ಅನ್ನುತ್ತಿದ್ದರು. ಅವತ್ತು ಅಂದಿದ್ದು ‘ಹೊಡಿ’ ಅಂತ ಮಾತ್ರ.

ರೈಲ್ವೆ ಗೇಟಲ್ಲ, ಎತ್ತಿನ ಗಾಡಿಯಲ್ಲ, ಕಬ್ಬು ತುಂಬಿದ ಎರಡು ಟ್ರ್ಯಾಲಿಯ ಟ್ರ್ಯಾಕ್ಟರೊಂದು ಅಡ್ಡ ಬಂತು. ಅದರ ಹಿಂದೆ ನಿಂತಾಗ ಸಿರಾಜ ಗಾಡಿ ಪಕ್ಕಕ್ಕೆ ತಂದು ಕಾಕಾನಿಗೆ ಒಂದು ಉಪಾಯ ಹೇಳಿದ. ಕಾರ್ಡು ಇನ್ನೊಮ್ಮೆ ಚೆಕ್ ಮಾಡೋದಿದೆ ಎಂದು ಹೇಳಿ ಪೆಟ್ಟಿಗೆ ತೆಗೆಯೋಣ, ತಂತಿ ಕಿತ್ತುಕೊಂಡು ಬರೋಣ, ಯಾರಿಗೆ ಗೊತ್ತಾಗುತ್ತದೆ? ಆ ಶೆಡ್ಡಿನ ಮಾಲೀಕ ನಮ್ಮ ಗಿರಾಕಿಗಳಲ್ಲೆಲ್ಲ ದೊಡ್ಡವನು. ನಿಜ ಹೇಳುತ್ತೇನೆ, ನನಗೂ ಅದೇ ಸರಿ ಅನ್ನಿಸಿತ್ತು. ಕಾಕಾ ತಲೆ ಆಡಿಸಿದರು. “ಮಹಾದೇವ ನನ್ನ ಮುಂದ ಬಾಯಿ ಬಿಟ್ಟಾನ. ನಾ ಬಸಪ್ಪನ ಮುಂದ ಬಾಯಿ ಮುಚ್ಚಿದ್ರ, ನಾಳಿಂದ ಇವ ಯಾರ ಮುಂದ ಬಿಡ್ತಾನ?”

ಶೆಡ್ಡಿನಲ್ಲಿ ಮಗ್ಗ ನಡೆದಿತ್ತು. ಬಸಪ್ಪ ಬಟ್ಟೆಯ ಮೇಲೆ ಬಾಗಿ ನಿಂತಿದ್ದ, ಹತ್ತೂ ಬೆರಳು ನೆಟ್ಟಗೆ ಇದ್ದವು. ಅವನ್ನು ನೋಡಿ ನನಗೆ ಆದ ಸಂತೋಷ ಸ್ವಂತ ತಮ್ಮನನ್ನು ನೋಡಿದಾಗಲೂ ಆಗಿರಲಿಕ್ಕಿಲ್ಲ. ಕಾಕಾ ನೇರ ಹೋಗಿ ಮಗ್ಗ ನಿಲ್ಲಿಸಿದರು. ಏನಾಗಿದೆಯೆಂದು ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದರು. ಅವನಿಗೆ ನಂಬಿಕೆ ಬರಲಿಲ್ಲ. ಗುಂಡಿ ಇದೆಯಲ್ಲ, ಇಲ್ಲೇ ಇದೆಯಲ್ಲ ಎಂದು ತೋರಿಸಿದ. ಕಾಕಾ ಎಲ್ಲರನ್ನೂ ದೂರ ಸರಿಸಿ, ಮಗ್ಗ ಚಾಲೂ ಮಾಡಿ, ನೀನೇ ಒತ್ತು ಎಂದರು. ಬಸಪ್ಪ ಕೆಂಪು ಗುಂಡಿ ಒತ್ತಿದ. ಮಗ್ಗ ನೇಯುತ್ತಲೇ ಇತ್ತು. ಇನ್ನೊಮ್ಮೆ ಒತ್ತಿದ, ಜೋರಾಗಿ, ಅಂಗೈ ಹಾಕಿ. ಅದು ನೇಯುತ್ತಲೇ ಇತ್ತು.

ಆ ಮನುಷ್ಯನ ಮುಖ ನನಗೆ ಇವತ್ತಿಗೂ ಕಾಣುತ್ತದೆ. ಕಾಕಾ ವಿದ್ಯುತ್ತು ತೆಗೆದು, ಪೆಟ್ಟಿಗೆ ಬಿಚ್ಚಿದರು. ಹಳದಿ ತಂತಿ ಒಳಗೆ ಆರಾಮಾಗಿ ಕೂತಿತ್ತು. ಅದನ್ನು ತೆಗೆದು, ಮತ್ತೆ ಚಾಲೂ ಮಾಡಿಸಿ, ಮತ್ತೆ ಒತ್ತಿಸಿದರು. ಮಗ್ಗ ನಿಂತಿತು. ಬಸಪ್ಪನ ಕೈಯಿಂದಲೇ ಪುನಃ ಪುನಃ ಒತ್ತಿಸಿದರು, ಅವನಿಗೆ ಸಾಕೆನಿಸುವ ತನಕ.

ಅಷ್ಟರಲ್ಲಿ ಶಾಂತವ್ವ ಬಂದಿದ್ದಳು. ಬಿಟ್ಟವರು ಯಾರು ಎಂದು ಕೇಳಿದಳು. ಮಹಾದೇವ ತಾನೇ ಮುಂದೆ ಹೋದ. “ಇವರ ಕೈ ಹೋಗಿದ್ರ ನಿನ್ನ ಕೈ ಕಡದು ಕೊಡ್ತಿದ್ದಿ ಏನೋ?” ಅಂದಳು ಅವಳು. “ಇಲ್ರೀ ಅಕ್ಕಾ. ಅದಕ್ಕ ಓಡಿ ಬಂದ್ನಿ,” ಅಂದ ಮಹಾದೇವ. ಅವಳು ಬಾಯಿಗೆ ಬಂದ ಹಾಗೆ ಬೈದಳು. ಅವನು ನೆಲ ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತ ನಿಂತು ಪೂರ್ತಿ ಕೇಳಿಸಿಕೊಂಡ. ಬೈದು ಮುಗಿದ ಮೇಲೆ ಅವಳು ಗಂಡನ ಎರಡೂ ಕೈ ಹಿಡಿದುಕೊಂಡು ಅತ್ತಳು.

ಮಾಲೀಕನಿಗೆ ಸುದ್ದಿ ಮುಟ್ಟಿತು, ಅವನು ಬರುವ ತನಕ ಸಂಜೆಯವರೆಗೆ ಕಾದೆವು. ಬಂದವನೇ, ಆ ಮನುಷ್ಯನನ್ನು ಕೆಲಸದಿಂದ ತೆಗೆದರೆ ಮಾತ್ರ ನಿಮ್ಮ ಜೊತೆ ವ್ಯವಹಾರ ಅಂದ. “ಮಾಣೂಸ ಮಾಝಾ ಆಹೆ, ಚೂಕ ಪಣ ಮಾಝೀ,” ಅಂದರು ಕಾಕಾ. ಮನುಷ್ಯ ನನ್ನವನು, ತಪ್ಪೂ ನನ್ನದೇ. ಅದೇ ಸಣ್ಣ ದನಿಯಲ್ಲಿ. ಹಾಗಾದರೆ ನಾಳೆಯಿಂದ ಈ ಕಡೆ ಬರಬೇಡಿ ಎಂದು ಮಾಲೀಕ ಕೈ ತೋರಿಸಿದ. ಕಾಕಾ ನಮಸ್ಕಾರ ಮಾಡಿ ಹೊರಗೆ ಬಂದರು.

ದಾರಿಯಲ್ಲಿ ನಾನು ಅವರ ಜೊತೆ ಜಗಳ ತೆಗೆದೆ. ಇಷ್ಟು ಖರೇತನ ಯಾಕೆ ಬೇಕಿತ್ತು, ಬಸಪ್ಪನಿಗೆ ಹೇಳಿದರೆ ಸಾಕಾಗುತ್ತಿತ್ತು, ಮಾಲೀಕನ ಎದುರು ಏನಾದರೂ ಹೊಂದಿಸಬಹುದಿತ್ತು ಎಂದು ಗಾಳಿಯಲ್ಲಿ ಒದರಿದೆ. ಮಿಸಳದ ಹೋಟೆಲಿನ ಹತ್ತಿರ ಬಂದಾಗ ಕಾಕಾ ನನ್ನ ಭುಜ ತಟ್ಟಿ, ನಿಲ್ಲಿಸು ಅಂದರು.

ಹೊತ್ತು ಮುಳುಗಿತ್ತು. ಕಾಕಾ ಸೂರ್ಯ ಮುಳುಗಿದ ಮೇಲೆ ಬಾಯಿಗೆ ನೀರೂ ಹಾಕದವರು. ಬರಿಗೈಯಲ್ಲಿ ಕೂತು ಮಹಾದೇವನಿಗೆ ಮಿಸಳ ತರಿಸಿದರು. ಅವನು ತಟ್ಟೆ ಹಿಂದಕ್ಕೆ ಸರಿಸಿದ. ಇವತ್ತು ನನಗೆ ಬೇಡ, ಇವತ್ತಿನದು ಮಿಸಳ ತಿನ್ನುವ ತಪ್ಪಲ್ಲ ಅಂದ. ಕಾಕಾ ತಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳಿದರು. “ಸಣ್ಣ ತಪ್ಪಿಗೆ ಮಿಸಳ, ದೊಡ್ಡದಕ್ಕ ಬೈಗಳಾ ಅಂದ್ರ, ದೊಡ್ಡದು ಯಾರ ಹೇಳ್ತಾರೋ? ತಿನ್ನು.”

ಮಹಾದೇವ ತಿಂದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಖಾರವೆಂದು ಹೇಳಿಕೊಳ್ಳಲು ಅನುಕೂಲವಾಗಿತ್ತು. ಆಗ ಸಿರಾಜ, ದಿನಕ್ಕೊಂದು ಸುಳ್ಳು ತಪ್ಪು ಹೊತ್ತು ತರುತ್ತಿದ್ದ ಸಿರಾಜ, ತನ್ನ ಅಂಗಿಯ ಗುಂಡಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದವನು, ತಲೆ ಎತ್ತದೆ ಹೇಳಿದ: “ಕಾಕಾ, ಹುಪರಿ ರಸ್ತಾದ ಶೆಡ್‌ದಾಗ ನಾನೂ ಒಂದು ಬಿಟ್ಟೇನಿ ಅನಸ್ತೈತ್ರಿ. ಖಾತ್ರಿ ಇಲ್ಲ.”

ಕಾಕಾ ಎದ್ದು ನಿಂತರು. ಫೋನು ಈ ಸಲ ಹತ್ತಿತು; ಮಗ್ಗ ನಿಲ್ಲಿಸಿರಿ, ನಾವು ಬರುವ ತನಕ ಮುಟ್ಟಬೇಡಿ ಎಂದು ಹೇಳಿದರು. ನಾವು ಹೋಗಿ ಪೆಟ್ಟಿಗೆ ತೆಗೆದಾಗ ಸಿರಾಜನ ನೀಲಿ ತಂತಿ ಅಲ್ಲಿತ್ತು. ದಾರಿಯಲ್ಲಿ ಸಿರಾಜ ಕೊಟ್ಟ ಉಪಾಯವನ್ನೇ ನಾವು ಕೊರೋಚಿಯಲ್ಲಿ ಮಾಡಿ ಬಂದಿದ್ದರೆ, ಆ ನೀಲಿ ತಂತಿಯ ಮಾತನ್ನು ಅವನು ಯಾವ ಬಾಯಿಂದ ಎತ್ತುತ್ತಿದ್ದ? ಮುಂದಿನ ದಿನಗಳಲ್ಲಿ ನಾವು ಹಿಂದೆ ರಿಪೇರಿ ಮಾಡಿದ ಒಂದೊಂದೇ ಮಗ್ಗದ ಹತ್ತಿರ ಹೋಗಿ ಕೆಂಪು ಗುಂಡಿ ಒತ್ತಿಸಿ ನೋಡಿದೆವು. ಮಹಾದೇವ ಜಂಪರುಗಳಿಗೆ ಬಟ್ಟೆಯ ಅಂಚಿನಿಂದ ಮಾರುದ್ದದ ಬಾಲ ಕಟ್ಟಿದ. ತಂತಿ ಒಳಗೆ ಉಳಿದರೆ ಬಾಲ ಹೊರಗೆ ಜೋತಾಡಬೇಕು, ಪೆಟ್ಟಿಗೆಯ ಬಾಗಿಲು ಹಾಕಲಿಕ್ಕೇ ಬರಬಾರದು.

ಕಥೆಯಾಗಿದ್ದರೆ ಆ ಕೊರೋಚಿಯ ಮಾಲೀಕ ಪಶ್ಚಾತ್ತಾಪಪಟ್ಟು ಮರಳಿ ಬರುತ್ತಿದ್ದ. ಬರಲಿಲ್ಲ. ಆ ವರ್ಷ ನಮಗೆ ಕಷ್ಟವೇ ಆಯಿತು, ಕಾಕಾನ ಮನೆಯಲ್ಲೂ ಮಾತು ಬಂದಿತ್ತಂತೆ. ಆದರೂ ಒಂದು ಮಾತು ಎದೆ ತಟ್ಟಿ ಹೇಳುತ್ತೇನೆ, ಆಮೇಲೆ ನಾವು ರಿಪೇರಿ ಮಾಡಿದ ಮಗ್ಗದ ಕೆಂಪು ಗುಂಡಿ ಯಾವ ನೇಕಾರನಿಗೂ ಕೈ ಕೊಡಲಿಲ್ಲ. ನಾವು ಜಾಣರಾದೆವು ಎಂದಲ್ಲ. ತಪ್ಪುಗಳು ಆಗುತ್ತಲೇ ಇದ್ದವು, ಬೇಗ ಬಾಯಿಗೆ ಬರುತ್ತಿದ್ದವು.

ಈಗ ನಾನು ಕೊಲ್ಹಾಪುರದ ಒಂದು ಕಂಪನಿಯಲ್ಲಿ ಇದೇ ಕೆಲಸದ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಏಸಿ ಇದೆ, ಕೈಕೆಳಗೆ ಓದಿದ ಮಂದಿ ಇದ್ದಾರೆ. ಆಗಾಗ ತರಬೇತಿ ಕೊಡುವವರು ಟೈ ಕಟ್ಟಿಕೊಂಡು ಬಂದು, ತಂಡದಲ್ಲಿ ವಿಶ್ವಾಸ ಬೆಳೆಸುವುದು ಹೇಗೆಂದು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸುತ್ತಾರೆ. ಕೈ ಕೈ ಹಿಡಿದ ಗೊಂಬೆಗಳು. ನಾನು ಹಿಂದಿನ ಸಾಲಿನಲ್ಲಿ ಕೂತು, ಇವರಿಗೇನು ಗೊತ್ತು, ನಾನು ಕಾಕಾನ ಶಿಷ್ಯೆ ಎಂದು ಮೂಗು ಮುರಿಯುತ್ತೇನೆ. ಹೋದ ತಿಂಗಳು ನಮ್ಮ ವಿಭಾಗದಲ್ಲಿ ಒಂದೂ ತಪ್ಪು ದಾಖಲಾಗಲಿಲ್ಲವೆಂದು ಮೇಲಿನವರು ಚಪ್ಪಾಳೆ ಹೊಡೆಸಿದರು. ನಾನೂ ಎದ್ದು ನಿಂತು ಚಪ್ಪಾಳೆ ತಗೊಂಡೆ.

ಮೊನ್ನೆ ಆ ಹೋಟೆಲಿನಲ್ಲಿ ಅರ್ಧ ಪ್ಲೇಟು ಮುಗಿಯುವ ಹೊತ್ತಿಗೆ ನನಗೆ ಆ ಚಪ್ಪಾಳೆ ನೆನಪಾಗಿ ಚಮಚ ಕೆಳಗಿಟ್ಟೆ. ಒಂದು ತಿಂಗಳು, ಅಷ್ಟು ಕೈಗಳು, ಒಂದೂ ತಪ್ಪಿಲ್ಲವೇ? ನಾನು ಬೈಯುವವಳಲ್ಲ ಎಂದು ನನ್ನ ನಂಬಿಕೆ. ಆದರೆ ಹುಬ್ಬು ಏರಿಸುತ್ತೇನೆ. ಯಾರಾದರೂ ಕೆಟ್ಟ ಕಾರ್ಡು ತಂದರೆ ಅವರನ್ನಲ್ಲ, ಗಡಿಯಾರವನ್ನು ನೋಡುತ್ತೇನೆ. ಬಾಯಿ ಮುಚ್ಚಿಸಲು ಅಷ್ಟು ಸಾಕು, ಪಾನಾ ಬಡಿಯಬೇಕಾಗಿಲ್ಲ.

ಅವತ್ತು ಚಹಾದ ಹೊತ್ತಿನಲ್ಲಿ ಎಲ್ಲರೂ ಕಪ್ಪು ಹಿಡಿದು ನಿಂತಾಗ ನಾನು ಗಂಟಲು ಸರಿಮಾಡಿಕೊಂಡೆ. ನಿನ್ನೆ ಬೆಳಿಗ್ಗೆ ನೀವು ಯಾರೂ ಬರುವ ಮೊದಲು ನಾನೇ ಒಂದು ಕೆಪಾಸಿಟರ್ ಉಲ್ಟಾ ಕೂಡಿಸಿ ಠಪ್ ಅನಿಸಿದೆ, ಕಪ್ಪಾದ ಮೇಜನ್ನು ನನ್ನ ಓಢಣಿಯಿಂದಲೇ ಒರೆಸಿ ಏನೂ ಆಗದವಳ ಹಾಗೆ ಕೂತೆ ಎಂದು ಹೇಳಿದೆ. ಒಗೆದರೂ ಹೋಗದ ಓಢಣಿಯ ಕಲೆಯನ್ನೂ ತೋರಿಸಿದೆ. ಯಾರೂ ನಗಲಿಲ್ಲ. ನಗಬಹುದೋ ಇಲ್ಲವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ನನಗೆ ಬಿದ್ದ ಪೆಟ್ಟು.

ಎಲ್ಲರೂ ಚದುರಿದ ಮೇಲೆ ನಿಪ್ಪಾಣಿಯ ಗೀತಾ ಖಾಲಿ ಕಪ್ಪು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ನನ್ನ ವಿಭಾಗದಲ್ಲಿ ಎಲ್ಲರಿಗಿಂತ ಒಳ್ಳೆಯ ಕೆಲಸಗಾರ್ತಿ, ಒಂದು ದಿನವೂ ನನ್ನ ಮುಂದೆ ತಪ್ಪಾಯಿತು ಅಂದವಳಲ್ಲ.

“ಮೇಡಂ, ಸೋಮವಾರದಿಂದ ನಿಮಗೊಂದು ಹೇಳಬೇಕಂತ ಮಾಡೇನ್ರಿ,” ಅಂದಳು. “ಧೈರ್ಯ ಆಗಿರಲಿಲ್ಲ.”

ಅವತ್ತು ಶುಕ್ರವಾರ. ನಾನು ಗೋಡೆಯ ಗಡಿಯಾರಕ್ಕೆ ಬೆನ್ನು ಹಾಕಿ ಕುರ್ಚಿ ಎಳೆದುಕೊಂಡೆ, ಅವಳಿಗೂ ಒಂದು ಎಳೆದು ಕೊಟ್ಟೆ. ಕೂಡವ್ವಾ, ಹೇಳು ಅಂದೆ.